ಕೇಳುಗರ ಪ್ರಣಾಳಿಕೆ

ಬೆಂಗಳೂರು ಕವಿಗಳನ್ನು ಸನ್ಮಾನಿಸುವ ಊರು. ಇನ್ನು ಮುಂದೆ ಅದು ಕವಿತೆಯನ್ನು ಕೇಳುವ ಊರಾಗಬೇಕು. ಅದಕ್ಕಾಗಿಯೇ ನಾವು ಒಂದುಗೂಡಿದ್ದೇವೆ. ನಮ್ಮಲ್ಲಿ ಬರೆಯುವವರಿದ್ದಾರೆ, ಹಾಡುವವರಿದ್ದಾರೆ, ಪಾಠ ಹೇಳುವವರಿದ್ದಾರೆ, ಸಾಲ ಮಾಡಿ ಪುಸ್ತಕ ಅಚ್ಚು ಹಾಕಿಸಿದವರೂ ಇದ್ದಾರೆ. ಇಲ್ಲಿ ನಮ್ಮೆಲ್ಲರಿಗೂ ಒಂದೇ ಹೆಸರು: ಕೇಳುಗರು. ಇದನ್ನು ಓದುತ್ತಿರುವ ನೀವು ನಾಳೆ ನಮ್ಮ ಪಕ್ಕದಲ್ಲಿ ಬಂದು ಕೂರುವವರು ಎಂದು ನಂಬಿಯೇ ಬರೆಯುತ್ತಿದ್ದೇವೆ.

ಹಳೆಯ ಪದ್ಧತಿಯ ಕಾಲ ಮುಗಿದಿದೆ. ಅದನ್ನು ಬೈಯುತ್ತ ಕೂರಲು ನಮಗೆ ಪುರುಸೊತ್ತಿಲ್ಲ. ಆದರೆ ಅದು ಹೇಗಿತ್ತೆಂದು ಒಮ್ಮೆ ನೇರವಾಗಿ ನೋಡಿಬಿಡಬೇಕು, ಇಲ್ಲದಿದ್ದರೆ ನಾವೂ ಅದನ್ನೇ ಮತ್ತೆ ಕಟ್ಟಿ ನಿಲ್ಲಿಸುತ್ತೇವೆ. ಒಂದು ಕವಿಗೋಷ್ಠಿಯನ್ನು ನೆನೆಯಿರಿ. ಬೆಳಿಗ್ಗೆ ಹತ್ತೂವರೆಗೆ ಎಂದು ಆಹ್ವಾನ ಪತ್ರಿಕೆಯಲ್ಲಿದೆ. ಗಣ್ಯರು ಬಂದ ಮೇಲೆ ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವುದು, ಪ್ರಾಸ್ತಾವಿಕ ನುಡಿ, ಉದ್ಘಾಟನಾ ಭಾಷಣ, ಮುಖ್ಯ ಅತಿಥಿಗಳ ಮಾತು. ಆಮೇಲೆ ಸನ್ಮಾನ: ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ, ಸ್ಮರಣಿಕೆ, ಎಲ್ಲರೂ ಸೇರಿ ಒಂದು ಫೋಟೊ. ಊಟದ ಹೊತ್ತು ಹತ್ತಿರವಾದಾಗ ಮೂವತ್ತು ಕವಿಗಳ ಪಟ್ಟಿ ಮೈಕಿನ ಮುಂದೆ ಬರುತ್ತದೆ. ತಲೆಗೆ ಮೂರು ನಿಮಿಷ. ರಾಯಚೂರಿನಿಂದ ರಾತ್ರಿ ಬಸ್ಸಿನಲ್ಲಿ ಬಂದ ಹುಡುಗಿ ತನ್ನ ಕವಿತೆಯ ನಡುವಿಗೆ ಬರುವಷ್ಟರಲ್ಲಿ ನಿರೂಪಕರ ಚೀಟಿ ಅವಳ ಕೈ ಸೇರುತ್ತದೆ. ಅವಳೆದುರು ಕೂತವರು ತಮ್ಮ ಸರದಿಗಾಗಿ ಕಾಯುತ್ತಿರುವ ಉಳಿದ ಕವಿಗಳು. ಓದಿ ಮುಗಿಸಿದವರು ಪ್ರಮಾಣಪತ್ರ ಪಡೆದು ಹೊರಟಾಗಿದೆ. ಅವಳ ಕವಿತೆಯನ್ನು ಅಂದು ಯಾರೂ ಕೇಳಲಿಲ್ಲ. ನಮ್ಮ ಚಳವಳಿ ಹುಟ್ಟಿದ್ದು ಹಾಗೆ ಕೇಳದೇ ಹೋದ ಕವಿತೆಗಳಿಂದ.

ರಾಜ್ಯೋತ್ಸವದ ನವೆಂಬರ್ ನಮಗೂ ಪ್ರಿಯವೇ. ವೃತ್ತವೃತ್ತದಲ್ಲೂ ಏರುವ ಅರಿಸಿನ-ಕುಂಕುಮದ ಬಾವುಟ ಕಂಡರೆ ನಮ್ಮ ಎದೆಯೂ ಉಬ್ಬುತ್ತದೆ. ಆದರೆ ಒಂದು ತಿಂಗಳ ಧ್ವನಿವರ್ಧಕದ ಮೇಲೆ ಒಂದು ಭಾಷೆ ಹನ್ನೆರಡು ತಿಂಗಳು ಬದುಕಲಾರದು. 2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ, ದೀಪಾ ಭಾಸ್ತಿಯವರ ಅನುವಾದದ ಮೂಲಕ, ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ನಾಡಿಗೆ ನಾಡೇ ಸಂಭ್ರಮಿಸಿತು, ಸಂಭ್ರಮಿಸಬೇಕಾದದ್ದೇ. ಆ ಕಥೆಗಳು ಮೂರು ದಶಕಗಳಿಗೂ ಹೆಚ್ಚು ಕಾಲ ಕನ್ನಡದಲ್ಲಿ, ನಮ್ಮ ಕೈಗೆಟಕುವಲ್ಲೇ ಇದ್ದವು. ಮಸೀದಿಯ ಅಂಗಳದ, ಅಡುಗೆಮನೆಯ, ತಲಾಖಿನ ಆ ಹೆಂಗಸರ ಮಾತನ್ನು ಲಂಡನ್ನಿನಲ್ಲಿ ಘೋಷಣೆಯಾಗುವ ಮೊದಲೇ ನಮ್ಮ ಊರು ಕೇಳಿಸಿಕೊಳ್ಳಬೇಕಿತ್ತು. ಮುಂದಿನ ಬಾನು ಮುಷ್ತಾಕ್ ಈಗ ಎಲ್ಲೋ ಬರೆಯುತ್ತಿದ್ದಾರೆ. ಅವರನ್ನು ಮೊದಲು ಕೇಳುವವರು ನಾವಾಗಿರುತ್ತೇವೆ.

ಬೇರೆ ಊರುಗಳು ಇದನ್ನು ಮಾಡಿ ತೋರಿಸಿವೆ. ಕೊಲಂಬಿಯಾದ ಮೆಡೆಯಿನ್ ನಗರದಲ್ಲಿ ಮಾದಕವಸ್ತು ದಂಧೆಯ ಗುಂಡಿನ ಸದ್ದು ನಿಲ್ಲದಿದ್ದ ದಿನಗಳಲ್ಲಿ, 1991ರಲ್ಲಿ, ಜನ ಕಾವ್ಯೋತ್ಸವ ಶುರು ಮಾಡಿದರು. ಮನೆಯಿಂದ ಹೊರಬರಲು ಹೆದರುತ್ತಿದ್ದವರು ಕವಿತೆ ಕೇಳಲು ಬಯಲಿಗೆ ಬಂದು ಕೂತರು. ಲಂಡನ್ನಿನ ಸುರಂಗ ರೈಲಿನ ಬೋಗಿಗಳಲ್ಲಿ 1986ರಿಂದ ಜಾಹೀರಾತಿನ ಪಕ್ಕದಲ್ಲೇ ಕವಿತೆಗಳಿವೆ. ಹತ್ತಿರದ ಕೋಳಿಕ್ಕೋಡ್ 2023ರಲ್ಲಿ ಯುನೆಸ್ಕೊದ ಸಾಹಿತ್ಯ ನಗರಗಳ ಪಟ್ಟಿ ಸೇರಿತು. ಭಾರತದಲ್ಲಿ ಆ ಮನ್ನಣೆ ಪಡೆದ ಮೊದಲ ಊರು ಅದು. ಅದನ್ನು ಗಳಿಸಿಕೊಟ್ಟದ್ದು ತಲೆಮಾರುಗಳಿಂದ ಬಾಗಿಲು ಹಾಕದೆ ನಡೆದುಬಂದ ಬೀದಿಬೀದಿಯ ವಾಚನಾಲಯಗಳು. ಬಿರುದು ಬರಲಿ, ಬಾರದಿರಲಿ. ಆ ವಾಚನಾಲಯಗಳಂಥವು ನಮಗೆ ಬೇಕು.

ಆದರೂ ನಮ್ಮ ದಾರಿಯನ್ನು ಹೊರಗಿನಿಂದ ಎರವಲು ತರಬೇಕಾಗಿಲ್ಲ. ಕೇಳುವ ವಿದ್ಯೆ ಈ ನೆಲದಲ್ಲೇ ಬೆಳೆದದ್ದು. ಗಮಕವನ್ನು ಹತ್ತಿರದಿಂದ ನೋಡಿದವರಿಗೆ ಇದು ಗೊತ್ತು. ಜಮಖಾನದ ಮೇಲೆ ಇಬ್ಬರು ಕೂತಿರುತ್ತಾರೆ. ವಾಚನಕಾರರು ಕುಮಾರವ್ಯಾಸನ ಒಂದು ಷಟ್ಪದಿಯನ್ನು ರಾಗದಲ್ಲಿ ಬಿಡಿಸುತ್ತಾರೆ. ಪದ ಒಡೆಯುವಲ್ಲಿ ಒಡೆದು, ನಿಲ್ಲಬೇಕಾದಲ್ಲಿ ನಿಂತು, ಬೇಕೆನಿಸಿದ ಸಾಲಿಗೆ ಮತ್ತೆ ಮರಳಿ. ಅವರು ನಿಲ್ಲಿಸಿದ ಮೇಲೆ ವ್ಯಾಖ್ಯಾನಕಾರರು ಅದೇ ಪದ್ಯವನ್ನು ಎತ್ತಿಕೊಂಡು, ಅಂದಿನ ಸಭೆಗೆ ತಿಳಿಯುವ ಕನ್ನಡದಲ್ಲಿ ಹಿಗ್ಗಿಸಿ ಹೇಳುತ್ತಾರೆ, ಪಕ್ಕದ ಬೀದಿಯ ಸಂಗತಿಯೊಂದನ್ನು ಅದರೊಳಕ್ಕೆ ತರುತ್ತಾರೆ. ಮತ್ತೆ ರಾಗ, ಮತ್ತೆ ಅರ್ಥ. ಒಂದು ಸಂಜೆಗೆ ಕೆಲವೇ ಪದ್ಯಗಳು. ಅಕ್ಷರ ಬಾರದ ಅಜ್ಜಿಗೂ ಕರ್ಣನ ಸಂಕಟ ಮುಟ್ಟುತ್ತಿದ್ದದ್ದು ಹೀಗೆ, ನಿಧಾನದಿಂದ. ಕಾವ್ಯಕ್ಕೆ ಇಷ್ಟು ಗೌರವ ಕೊಟ್ಟ ಪದ್ಧತಿ ನಮ್ಮಲ್ಲಿರುವಾಗ ಮೂರು ನಿಮಿಷದ ಚೀಟಿಗೆ ನಾವೇಕೆ ಒಪ್ಪಬೇಕು?

ಸಂಗೀತಕ್ಕೆ ಬೆಂಗಳೂರು ಈ ನಿಧಾನವನ್ನು ಇಂದಿಗೂ ಕೊಡುತ್ತಿದೆ. 1939ರಲ್ಲಿ ಶುರುವಾದ ರಾಮನವಮಿಯ ಸಂಗೀತೋತ್ಸವಕ್ಕೆ ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಮೈದಾನದಲ್ಲಿ ವರ್ಷವೂ ಚಪ್ಪರ ಏಳುತ್ತದೆ. ವಾರಗಟ್ಟಲೆ, ಸಂಜೆಯಿಂದ ರಾತ್ರಿಯವರೆಗೆ, ಒಬ್ಬ ವಿದ್ವಾಂಸರ ಒಂದು ರಾಗಕ್ಕಾಗಿ ಜನ ಕಾದು ಕೂರುತ್ತಾರೆ. ಅದೇ ಚಾಮರಾಜಪೇಟೆಯ ಪಂಪ ಮಹಾಕವಿ ರಸ್ತೆಯಲ್ಲಿ, 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತಿದೆ. ರಸ್ತೆಗೆ ಪಂಪನ ಹೆಸರಿಟ್ಟ ಊರು ನಾವು. ಆ ರಸ್ತೆಯಲ್ಲಿ ಪಂಪನನ್ನು ವಾರಗಟ್ಟಲೆ ಕೇಳುವ ಊರೂ ಆಗುತ್ತೇವೆ.

ಹಾಗಾದರೆ ನಾವು ನಂಬುವುದು ಏನನ್ನು?

ಒಂದು ಊರಿನ ಕನ್ನಡ ಎಷ್ಟು ಬಗೆಯದೋ ಅಷ್ಟೂ ಬಗೆ ಆ ಊರಿನ ಸಾಹಿತ್ಯ ಎಂದು ನಂಬುತ್ತೇವೆ. ಬೆಂಗಳೂರಿನ ಹೊರವಲಯದಲ್ಲಿ ಏಳುತ್ತಿರುವ ಬಹುಮಹಡಿ ಕಟ್ಟಡಗಳ ಬುಡದಲ್ಲಿ ತಗಡಿನ ಶೆಡ್ಡುಗಳ ಸಾಲಿದೆ. ಅಲ್ಲಿರುವವರಲ್ಲಿ ಯಾದಗಿರಿ, ಕಲಬುರಗಿ, ರಾಯಚೂರು ಕಡೆಯಿಂದ ಗುಳೆ ಬಂದವರು ಬಹಳ. ರಾತ್ರಿ ರೊಟ್ಟಿ ಬಡಿದಾದ ಮೇಲೆ ಅವರು ಕಡಕೋಳ ಮಡಿವಾಳಪ್ಪನ ತತ್ವಪದ ಹಾಡುತ್ತಾರೆ. ಮೊಹರಂ ಬಂದರೆ ರಿವಾಯತ್ ಪದ, ಮದುವೆ ಬಂದರೆ ಸೋಬಾನೆ. ಈ ಊರಿನ ಅತಿ ದೊಡ್ಡ ಕಾವ್ಯಭಂಡಾರ ಇಟ್ಟಿಗೆ ಹೊರುವ ಕೈಗಳ ಜೊತೆ ಬಂದಿದೆ, ಕಟ್ಟಡ ಮುಗಿದೊಡನೆ ಮುಂದಿನ ಸೈಟಿಗೆ ಹೊರಟುಹೋಗುತ್ತದೆ. ಕನ್ನಡ ಉಳಿಸುವ ಮಾತಾಡುವ ಸಭೆಗಳಲ್ಲಿ ಇವರಿಗೊಂದು ಕುರ್ಚಿ ಎಂದೂ ಇರಲಿಲ್ಲ. ನಮ್ಮ ಸಭೆಗಳು ಅವರ ಶೆಡ್ಡುಗಳ ಎದುರೇ ನಡೆಯುತ್ತವೆ, ಅವರು ಕೆಲಸ ಮುಗಿಸಿದ ಹೊತ್ತಿಗೆ. ಅವರು ಹಾಡುತ್ತಾರೆ, ನಾವು ಕೇಳುತ್ತೇವೆ, ಅವರು ಒಪ್ಪಿದರೆ ಬರೆದುಕೊಳ್ಳುತ್ತೇವೆ. ಬರೆದುಕೊಂಡದ್ದು ಹಾಡಿದವರ ಹೆಸರಿನಲ್ಲೇ ಉಳಿಯುತ್ತದೆ.

ಕನ್ನಡದ ಹಬ್ಬಕ್ಕೆ ನೆರೆಯ ಭಾಷೆಗಳು ಅತಿಥಿಗಳಾಗಿ ಬಂದರೆ ಕನ್ನಡ ಬೆಳೆಯುತ್ತದೆ ಎಂದು ನಂಬುತ್ತೇವೆ. 2011ರ ಜನಗಣತಿಯ ಪ್ರಕಾರ ಬೆಂಗಳೂರಿನಲ್ಲಿ ಕನ್ನಡ ಮನೆಮಾತಾಗಿರುವವರು ಅರ್ಧಕ್ಕಿಂತ ಕಡಿಮೆ. ಈ ಅಂಕಿಯನ್ನು ಕಂಡು ಕುದಿಯುವವರಿದ್ದಾರೆ, ಕೈಚೆಲ್ಲಿದವರಿದ್ದಾರೆ. ನಮಗಿದು ಕೆಲಸದ ಅಳತೆ. ತಮಿಳಿನ, ತೆಲುಗಿನ, ಶಿವಾಜಿನಗರದ ದಖನಿಯ ಕಿವಿಗಳಿಗೆ ಕನ್ನಡ ಕವಿತೆಯನ್ನು ತಲುಪಿಸಬೇಕಾದರೆ ಅವರ ಕವಿತೆಗೆ ನಾವು ಮೊದಲು ಕಿವಿಗೊಡಬೇಕು. ಹಲಸೂರು ಕೆರೆಯ ಬಳಿ ತಿರುವಳ್ಳುವರ್ ಪ್ರತಿಮೆ ಹದಿನೆಂಟು ವರ್ಷ ಮುಸುಕು ಹೊದ್ದು ನಿಂತಿತ್ತು. 2009ರ ಆಗಸ್ಟಿನಲ್ಲಿ ಆ ಮುಸುಕು ತೆರೆಯಿತು. ಕೆಲವೇ ದಿನಗಳಲ್ಲಿ ಚೆನ್ನೈನಲ್ಲಿ ನಮ್ಮ ಸರ್ವಜ್ಞನ ಪ್ರತಿಮೆ ಎದ್ದಿತು. ಎರಡು ರಾಜಧಾನಿಗಳು ಒಬ್ಬೊಬ್ಬ ಕವಿಯನ್ನು ಕೊಟ್ಟು ತೆಗೆದುಕೊಂಡದ್ದು ದೊಡ್ಡ ಸಂಗತಿ. ಆಮೇಲೆ ಇಬ್ಬರೂ ಪ್ರತಿಮೆಗಳಾಗಿಯೇ ಉಳಿದರು. ತಿರುವಳ್ಳುವರ್ ಅವರ ಕುರಳನ್ನೂ ಸರ್ವಜ್ಞನ ತ್ರಿಪದಿಯನ್ನೂ ಒಂದೇ ಸಂಜೆ, ಒಂದೇ ಜಗಲಿಯಲ್ಲಿ, ಎರಡೂ ಭಾಷೆಯಲ್ಲಿ ಓದಿಸುವುದು ನಮ್ಮ ಮೊದಲ ವರ್ಷದ ಕೆಲಸ.

ತುಳು, ಕೊಡವ, ಕೊರಗ ಭಾಷೆಗಳು ಅಳಿವಿನಂಚಿನ ಭಾಷೆಗಳ ಯುನೆಸ್ಕೊ ಭೂಪಟದಲ್ಲಿವೆ. ತುಳು, ಕೊಡವಗಳಿಗೆ ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿ ಇನ್ನೂ ಜಾಗ ಸಿಕ್ಕಿಲ್ಲ. ಆ ಜಾಗ ದೆಹಲಿ ಕೊಡಬೇಕಾದದ್ದು. ಬೆಂಗಳೂರಿನ ಸಂಜೆಯಲ್ಲಿ ತುಳುವಿನ ಹಾಡುಗತೆಯಾದ ಪಾಡ್ದನಕ್ಕೊಂದು ಜಾಗ ಕೊಡುವುದು ನಮ್ಮ ಕೈಯಲ್ಲೇ ಇದೆ.

ಇನ್ನು ನಮ್ಮ ಗುರಿಗಳು. ನಮ್ಮ ಸಭೆಗಳಲ್ಲಿ ವೇದಿಕೆ ಇರುವುದಿಲ್ಲ, ಹಾರವಿರುವುದಿಲ್ಲ, ಉದ್ಘಾಟನೆ ಇರುವುದಿಲ್ಲ. ಒಂದು ಸಂಜೆಗೆ ಒಬ್ಬ ಕವಿ, ಹೆಚ್ಚೆಂದರೆ ಇಬ್ಬರು. ಪ್ರತಿ ಕವಿತೆಯನ್ನೂ ಎರಡು ಸಲ ಓದಲಾಗುತ್ತದೆ. ಮೊದಲ ಓದು ಕಿವಿಗೆ. ನಡುವೆ ಕೇಳಿದವರ ಮಾತು. ಆಮೇಲೆ ಎರಡನೆಯ ಓದು. ಶಾಲಿಗೆ, ಪೇಟಕ್ಕೆ ಖರ್ಚಾಗುತ್ತಿದ್ದ ದುಡ್ಡು ಕವಿಯ ಬಸ್ ಚಾರ್ಜಿಗೂ ಸಂಭಾವನೆಗೂ ಹೋಗುತ್ತದೆ, ಉಳಿದದ್ದರಲ್ಲಿ ಆ ಕವಿಯ ಪುಸ್ತಕದ ಪ್ರತಿಗಳನ್ನು ಕೊಳ್ಳುತ್ತೇವೆ. ಬರೆಯುವುದು ದುಡಿಮೆ. ದುಡಿದವರಿಗೆ ಕೂಲಿ ಸಲ್ಲಬೇಕು.

ಗ್ರಂಥಾಲಯದ ವಿಷಯದಲ್ಲಿ ನಾವು ರಾಜಿ ಮಾಡಿಕೊಳ್ಳುವುದಿಲ್ಲ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಡಿ ಆಸ್ತಿ ತೆರಿಗೆಯ ಜೊತೆಗೆ ಶೇ. 6ರಷ್ಟು ಗ್ರಂಥಾಲಯ ಕರವನ್ನು ಈ ಊರಿನ ಮನೆಮನೆಯೂ ಕಟ್ಟುತ್ತದೆ. ಸೈಟು ಇರುವ ಪ್ರತಿಯೊಬ್ಬರೂ ಆಗಲೇ ಸಾಹಿತ್ಯದ ಪೋಷಕರು, ಅವರಿಗೇ ಅದು ತಿಳಿದಿಲ್ಲ. ಆ ಕರ ವರ್ಷಗಟ್ಟಲೆ ಬಾಕಿ ಬಿದ್ದು ಗ್ರಂಥಾಲಯಗಳನ್ನು ಸೇರುವುದೇ ಇಲ್ಲ ಎಂಬ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದು ಹಳತಾಗಿದೆ. ಬಡಾವಣೆಯ ಶಾಖಾ ಗ್ರಂಥಾಲಯಕ್ಕೆ ಹೋಗಿ ನೋಡಿ: ಬೆಳಗಿನ ಪತ್ರಿಕೆಗಾಗಿ ಬರುವ ಹಿರಿಯರು, ಸ್ಪರ್ಧಾತ್ಮಕ ಪರೀಕ್ಷೆಗೆ ತಮ್ಮದೇ ಪುಸ್ತಕ ತಂದು ಓದುವ ಹುಡುಗ ಹುಡುಗಿಯರು, ಗಾಜಿನ ಬೀರುವಿನೊಳಗೆ ಬೀಗ ಹಾಕಿಸಿಕೊಂಡ ಬೇಂದ್ರೆ. ನಾವು ನಮ್ಮ ನಮ್ಮ ವಾರ್ಡಿನಲ್ಲಿ ಕರದ ಲೆಕ್ಕ ಕೇಳುತ್ತೇವೆ, ಹೊಸ ಪುಸ್ತಕಗಳ ಪಟ್ಟಿ ಕೊಡುತ್ತೇವೆ, ಬೀರುವಿನ ಬೀಗ ತೆಗೆಸುತ್ತೇವೆ. ಕಬ್ಬನ್ ಪಾರ್ಕಿನ ಕೆಂಪು ಕಟ್ಟಡದ ಕೇಂದ್ರ ಗ್ರಂಥಾಲಯದಿಂದ ಹಿಡಿದು ಬಡಾವಣೆಯ ಒಂಟಿ ಕೋಣೆಯವರೆಗೆ, ಸಂಜೆ ದೀಪ ಹಚ್ಚಿಟ್ಟು ಗಟ್ಟಿಯಾಗಿ ಓದುವ ಹಕ್ಕನ್ನು ಪಡೆಯುತ್ತೇವೆ.

ಬೀದಿಯೂ ನಮ್ಮದೇ. ಜನವರಿಯ ಒಂದು ಭಾನುವಾರ ಕುಮಾರಕೃಪಾ ರಸ್ತೆ ವಾಹನಗಳನ್ನು ದೂರವಿಟ್ಟು ಚಿತ್ರಸಂತೆಯಾಗುತ್ತದೆ. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿ ಕಡಲೆಕಾಯಿ ಪರಿಷೆಗೆ ದಾರಿ ಬಿಡುತ್ತದೆ. ಚಿತ್ರಕ್ಕೆ, ಕಡಲೆಕಾಯಿಗೆ ಸಿಕ್ಕ ಬೀದಿ ಕವಿತೆಗೂ ಸಿಕ್ಕೇ ಸಿಗುತ್ತದೆ. ವರ್ಷಕ್ಕೊಂದು ದಿನ ಒಂದು ರಸ್ತೆ ಪೂರ್ತಿ ಕಾವ್ಯದ ಪರಿಷೆಯಾಗಬೇಕು: ಕೌದಿ ಹಾಸಿ ಕೂತು ಓದುವವರು, ಕಿನ್ನರಿ ಜೋಗಿಗಳು, ಗಮಕಿಗಳು, ರ‍್ಯಾಪ್ ಹಾಡುವ ಹುಡುಗರು, ಕೈಬರಹದ ಪುಸ್ತಕ ಮಾರುವವರು. ನಮ್ಮ ಮೆಟ್ರೊದ ಬೋಗಿಗಳಲ್ಲಿ ಕನ್ನಡದ ಕವಿತೆ ಇರಬೇಕು, ಕೆಳಗೆ ಬೇರೆ ಲಿಪಿಗಳಲ್ಲಿ ಅದರ ಉಚ್ಚಾರವಿರಬೇಕು. ಕನ್ನಡ ಕಲಿಯಬಯಸುವವರಿಗೆ ದಿನವೂ ನಾಲ್ಕು ಸಾಲಿನ ಪಾಠವಾಗುತ್ತದೆ.

ಈ ಊರಿನ ಅತಿ ಹಳೆಯ ಬರಹಗಳಲ್ಲೊಂದು ಕೂಡ ಬೀದಿಯಲ್ಲೇ ಇದೆ. ಕ್ರಿ.ಶ. 750ರ ಸುಮಾರಿಗೆ, ಗಂಗರ ಕಾಲದಲ್ಲಿ, ಕಾದಿ ಮಡಿದ ಕಿತ್ತಯ್ಯನ ಹೆಸರನ್ನು ಕಲ್ಲಿನಲ್ಲಿ ಕನ್ನಡದಲ್ಲೇ ಬರೆಯಲಾಯಿತು. ಹೆಬ್ಬಾಳದಲ್ಲಿ ಆ ಕಲ್ಲನ್ನು ಉಳಿಸಿ, ಮಂಟಪ ಕಟ್ಟಿ ನಿಲ್ಲಿಸಿದವರು ಶಾಸನಾಸಕ್ತರು ಮತ್ತು ಅಲ್ಲಿನ ನಿವಾಸಿಗಳು. ಬೇಗೂರಿನ ಶಾಸನದಲ್ಲಿ ಬೆಂಗಳೂರು ಎಂಬ ಹೆಸರೇ ಇದೆ, ಸಾವಿರ ವರ್ಷಕ್ಕೂ ಹಿಂದಿನದು. ಚರಂಡಿಯ ಅಂಚಿನಲ್ಲಿ, ರಸ್ತೆ ಅಗಲೀಕರಣದ ಮಣ್ಣಿನಡಿಯಲ್ಲಿ ಇನ್ನೂ ಎಷ್ಟೋ ಕಲ್ಲುಗಳಿವೆ. ಪ್ರತಿ ಶಾಲೆಯ ಮಕ್ಕಳಿಗೂ ತಮ್ಮ ಬೀದಿಯ ಶಾಸನವನ್ನು ಓದಲು ಕಲಿಸುತ್ತೇವೆ. ತನ್ನ ಬಡಾವಣೆಯ ಹೆಸರನ್ನು ಹಳಗನ್ನಡದ ಅಕ್ಷರದಲ್ಲಿ ಕೈಯಿಟ್ಟು ಓದಿದ ಮಗುವಿಗೆ ಈ ಭಾಷೆ ಯಾರದೆಂದು ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.

ಗೆಳೆಯರೇ, ಗೆಳತಿಯರೇ, ನಮಗೆ ಅಧ್ಯಕ್ಷರಿಲ್ಲ, ಸದಸ್ಯತ್ವದ ರಸೀದಿ ಇಲ್ಲ. ಹತ್ತು ಜನ ಸೇರಿದ ಕಡೆ ಚಳವಳಿ ಇದೆ: ಅಪಾರ್ಟ್‌ಮೆಂಟಿನ ತಾರಸಿ, ದೇವಸ್ಥಾನದ ಜಗಲಿ, ದರ್ಗಾದ ಅಂಗಳ, ಕಾಲೇಜಿನ ಮೆಟ್ಟಿಲು, ಗಾರ್ಮೆಂಟ್ಸ್ ಕಾರ್ಖಾನೆಯ ಎದುರಿನ ಬೇವಿನ ಮರ. ಡಿಸೆಂಬರಿನ ಮೊದಲ ಭಾನುವಾರ, ನವೆಂಬರಿನ ಪೆಂಡಾಲುಗಳನ್ನು ಬಿಚ್ಚಿ ಒಯ್ದ ಮೇಲೆ, ನಾವು ಶುರು ಮಾಡುತ್ತೇವೆ. ಸಂಜೆ ಆರಕ್ಕೆ ಬನ್ನಿ. ಪಕ್ಕದ ಮನೆಯವರನ್ನು, ನಿಮ್ಮ ಕಟ್ಟಡ ಕಾಯುವವರನ್ನು, ನಿಮಗೆ ಅರ್ಥವಾಗದ ಭಾಷೆಯಾಡುವ ಒಬ್ಬರನ್ನು ಕರೆದುಕೊಂಡು ಬನ್ನಿ. ಓದಬೇಕೆನಿಸಿದ್ದನ್ನು ತನ್ನಿ, ಎರಡು ಸಲ ಓದುವಷ್ಟು ಹೊತ್ತು ಇದೆ.