ಬೆರಳಿನ ಬೆಲೆಯೂ ಗಾರ್ಡಿನ ಬೆಲೆಯೂ

ಮರ ಕೊಯ್ಯುವ ಮಿಲ್ಲಿನಲ್ಲಾಗಲಿ, ಮೇಜು ಕುರ್ಚಿ ಮಾಡುವ ಅಂಗಡಿಯಲ್ಲಾಗಲಿ ಒಬ್ಬನ ಬೆರಳು ಹೋದಾಗ ಮಾಲೀಕರ ಬಾಯಿಂದ ಮೊದಲು ಹೊರಡುವ ಮಾತು ಒಂದೇ: “ಅವನದೇ ಅಜಾಗರೂಕತೆ.” ಮೇಸ್ತ್ರಿಯೂ ಅದನ್ನೇ ಹೇಳುತ್ತಾನೆ. ಕಡೆಗೆ ಕೈಗೆ ಬಟ್ಟೆ ಸುತ್ತಿಕೊಂಡು ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತವನೂ “ನನ್ನ ಗ್ರಹಚಾರ” ಎನ್ನುತ್ತಾನೆ. ಈ ಮಾತನ್ನು ನಾವು ಒಪ್ಪುವುದಿಲ್ಲ. ಶನಿಗೂ ಗರಗಸಕ್ಕೂ ಏನು ಸಂಬಂಧ?

ಹನ್ನೆರಡು ಅಂಗುಲದ ಬ್ಲೇಡು ನಿಮಿಷಕ್ಕೆ 3,000 ಸುತ್ತು ತಿರುಗಿದರೆ ಅದರ ಹಲ್ಲು ಸೆಕೆಂಡಿಗೆ ಸುಮಾರು 48 ಮೀಟರು, ಎಂದರೆ ಗಂಟೆಗೆ 170 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಓಡುತ್ತದೆ. ಮುಂದಿನ ಹಲ್ಲು ಮರವನ್ನು ಮೇಜಿಗೆ ಒತ್ತುತ್ತದೆ. ಹಿಂದಿನ ಹಲ್ಲು ಮೇಜಿನಿಂದ ಮೇಲಕ್ಕೆ ಏಳುತ್ತದೆ. ಹಸಿಮರವನ್ನು ಸೀಳುವಾಗ ಕೊಯ್ದ ಸಂದು ಹಿಂದುಗಡೆ ಮುಚ್ಚಿಕೊಂಡು ಬ್ಲೇಡನ್ನು ಕಚ್ಚುವುದುಂಟು. ಆಗ ಮೇಲೇಳುವ ಹಲ್ಲು ಹಲಗೆಯನ್ನು ಎತ್ತಿ ಎದುರಿಗೆ ನಿಂತವನ ಹೊಟ್ಟೆಗೋ ಎದೆಗೋ ಎಸೆಯುತ್ತದೆ. ಹಲಗೆ ಕೈಯಡಿಯಿಂದ ಹಾರಿದೊಡನೆ ಅದನ್ನು ಒತ್ತುತ್ತಿದ್ದ ಕೈ ನೇರವಾಗಿ ಬ್ಲೇಡಿನ ಮೇಲೆ ಬೀಳುತ್ತದೆ. ಇಷ್ಟೂ ನಡೆಯುವುದು ರೆಪ್ಪೆ ಬಡಿಯುವುದರೊಳಗೆ. ಅಷ್ಟರಲ್ಲಿ ಆ ‘ಜಾಗರೂಕತೆ’ ಯಾವ ಬಾಗಿಲಿನಿಂದ ಬರಬೇಕು?

ಇದಕ್ಕೆ ಮದ್ದು ನೂರು ವರ್ಷದ ಹಿಂದೆಯೇ ಗೊತ್ತಿತ್ತು. ಬ್ಲೇಡಿನ ಹಿಂದೆ, ಅದರ ನೇರದಲ್ಲಿಯೇ, ಬಿಲ್ಲಿನಂತೆ ಬಾಗಿದ ಒಂದು ಉಕ್ಕಿನ ತಗಡು. ಕೊಯ್ದ ಸಂದು ಮುಚ್ಚದಂತೆ ಅದು ತಡೆಯುತ್ತದೆ. ಬ್ಲೇಡಿನ ಮೇಲೆ ಒಂದು ಮುಚ್ಚಳ. ಮೇಜಿನ ಕೆಳಗೆ ಎರಡು ಬದಿಯಲ್ಲಿ ಮರೆ. ಮರದ ತುದಿಯನ್ನು ತಳ್ಳಲು ಒಂದು ಕೋಲು. 1922ರಲ್ಲಿಯೇ ಇಂಗ್ಲೆಂಡಿನ ಸರ್ಕಾರ ಇವನ್ನೆಲ್ಲ ಕಡ್ಡಾಯ ಮಾಡಿತ್ತು. ನಮ್ಮ 1948ರ ಕಾರ್ಖಾನೆ ಕಾಯಿದೆಯ 21ನೆಯ ಕಲಮಿನ ಕೆಳಗೆ ರಾಜ್ಯಗಳು ಮಾಡಿದ ನಿಯಮಗಳಲ್ಲಿಯೂ ಇವೇ ಬಂದವು. ಆದರೆ ನಮ್ಮ ಊರಿನ ಎಷ್ಟು ಗರಗಸಗಳ ಹಿಂದೆ ಆ ತಗಡು ಇದೆ? ನೀವೇ ಹೋಗಿ ಎಣಿಸಿ. ಮುಚ್ಚಳವಂತೂ ಮಿಷನ್ನು ಬಂದ ದಿನವೇ ಮೂಲೆ ಸೇರಿರುತ್ತದೆ. “ಕೆಲಸಕ್ಕೆ ಅಡ್ಡ ಬರುತ್ತದೆ” ಎನ್ನುತ್ತಾರೆ. ಅಡಿ ಲೆಕ್ಕದಲ್ಲಿ ಕೂಲಿ ಕೊಟ್ಟರೆ ಅಡ್ಡ ಬಾರದೆ ಏನು ಮಾಡೀತು? ಇನ್ನು ತಳ್ಳುವ ಕೋಲು! ಮರದ ಮಿಲ್ಲಿನಲ್ಲಿ ಒಂದು ಮರದ ತುಂಡಿಗೆ ಬರವೇ?

ಕೆಲಸದ ಬಂಧುಗಳಿಗೆ ನಾವು ಕೆಲವು ಮಾತು ಹೇಳಬೇಕಾಗಿದೆ. ಬ್ಲೇಡು ಹಲಗೆಗಿಂತ ಒಂದು ಹಲ್ಲಿನಷ್ಟು ಮಾತ್ರ ಮೇಲೆ ಇರಲಿ. ಪಕ್ಕದ ಗೈಡುಪಟ್ಟಿ ಬ್ಲೇಡಿಗೆ ಸಮಾನಾಂತರವಾಗಿ ಇದೆಯೇ ಎಂದು ಮುಂದೂ ಹಿಂದೂ ಅಳೆದು ನೋಡಿ. ಹಿಂಬದಿಯಲ್ಲಿ ಕೂದಲೆಳೆ ಒಳಸರಿದಿದ್ದರೂ ಮರ ಕಚ್ಚುತ್ತದೆ. ಹಿಂದಿನ ತಗಡು ಬ್ಲೇಡಿನ ಮೈಗಿಂತ ದಪ್ಪ, ಕೊಯ್ದ ಸಂದಿಗಿಂತ ತೆಳು. ಹಲ್ಲಿಗೂ ಅದಕ್ಕೂ ಅರ್ಧ ಅಂಗುಲವೂ ಸಂದು ಬೇಡ. ಬ್ಲೇಡಿನ ನೇರಕ್ಕೆ ನಿಲ್ಲದೆ ಪಕ್ಕಕ್ಕೆ ನಿಲ್ಲಿ. ತಿರುಗುವ ಬ್ಲೇಡಿನ ಮುಂದೆ ಕೈಗವಸು, ಹೆಗಲ ಮೇಲೆ ಟವೆಲ್ಲು, ಇಳಿಬಿಟ್ಟ ತೋಳು ಬೇಡವೇ ಬೇಡ. ಸ್ವಿಚ್ಚು ಆರಿಸಿದ ಮೇಲೂ ಬ್ಲೇಡು ತಿರುಗುತ್ತಲೇ ಇರುತ್ತದೆ, ಹೊಟ್ಟನ್ನು ಕೈಯಿಂದ ಬಳಿಯಬೇಡಿ. ಬ್ಲೇಡು ಬದಲಿಸುವ ಮುಂಚೆ ಫ್ಯೂಸು ತೆಗೆದು ಜೇಬಿನಲ್ಲಿಟ್ಟುಕೊಳ್ಳಿ. ಮೊಂಡು ಬ್ಲೇಡನ್ನು ಒತ್ತಿ ಕೊಯ್ಯಬೇಡಿ. ಸಾಣೆಯ ಕೂಲಿ ಉಳಿಸುವುದು ಮಾಲೀಕರ ಲಾಭ, ಜಾರುವುದು ನಿಮ್ಮ ಕೈ.

ಇನ್ನು ಪರಿಹಾರದ ವಿಷಯ. 1923ರ ಪರಿಹಾರ ಕಾಯಿದೆಯ ಪಟ್ಟಿಯಲ್ಲಿ ಬೆರಳುಗಳಿಗೆ ದರ ಕಟ್ಟಿತ್ತು. ದುಡಿಯುವ ಶಕ್ತಿಯಲ್ಲಿ ಹೆಬ್ಬೆರಳಿಗೆ ನೂರಕ್ಕೆ 30, ತೋರುಬೆರಳಿಗೆ 14, ನಡುಬೆರಳಿಗೆ 12, ಕಿರುಬೆರಳಿಗೆ 7 ನಷ್ಟವಂತೆ. ಹೆಬ್ಬೆರಳಿಲ್ಲದವನನ್ನು ಉಳಿದ ಎಪ್ಪತ್ತು ಪಾಲಿಗೆ ಯಾವ ಮಿಲ್ಲು ಗರಗಸದ ಮುಂದೆ ನಿಲ್ಲಿಸಿಕೊಳ್ಳುತ್ತದೆಂದು ಈ ದರ ಕಟ್ಟಿದವರನ್ನು ಕೇಳಬೇಕು. ಇದಕ್ಕಿಂತ ದೊಡ್ಡ ಬಲೆ ಬೇರೊಂದಿದೆ. ರಕ್ಷಣೆಗೆಂದು ಒದಗಿಸಿದ್ದ ಗಾರ್ಡನ್ನು ಕೆಲಸಗಾರನೇ ಬುದ್ಧಿಪೂರ್ವಕವಾಗಿ ತೆಗೆದಿದ್ದರೆ, ಸಾವು ಅಥವಾ ಪೂರ್ಣ ಶಾಶ್ವತ ಅಂಗನಷ್ಟದ ಹೊರತು, ಮಾಲೀಕ ಪರಿಹಾರ ಕೊಡಬೇಕಾಗಿಲ್ಲ ಎಂದು ಆ ಕಾಯಿದೆ ಹೇಳಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಇದೇ ಮಾತು ಉಳಿದುಕೊಂಡಿದೆ. ಮೂಲೆಯಲ್ಲಿ ತುಕ್ಕು ಹಿಡಿದಿದ್ದ ಮುಚ್ಚಳ ಅಪಘಾತದ ಮರುದಿನ ಏಕೆ ಎಣ್ಣೆ ಹಚ್ಚಿಕೊಂಡು ಮಿಷನ್ನಿನ ಮೇಲೆ ಕೂರುತ್ತದೆ ಎಂಬುದು ಈಗ ತಿಳಿಯಿತಲ್ಲ!

ಯಂತ್ರ ತಯಾರಕರೂ ಇದೇ ಜಾತಿ. ಬೆರಳು ತಾಕಿದೊಡನೆ ವಿದ್ಯುತ್ ಸಂಕೇತದಿಂದ ಅದನ್ನು ಅರಿತು ಸೆಕೆಂಡಿನ ಇನ್ನೂರನೆಯ ಒಂದು ಭಾಗದಲ್ಲಿ ಬ್ಲೇಡು ನಿಲ್ಲಿಸುವ ಉಪಾಯವನ್ನು ಅಮೆರಿಕದ ಸ್ಟೀಫನ್ ಗ್ಯಾಸ್ ಎಂಬವರು 1999ರಲ್ಲಿ ಕಂಡುಹಿಡಿದರು. ದೊಡ್ಡ ಕಂಪನಿಗಳು ಅದನ್ನು ಕೊಳ್ಳಲಿಲ್ಲ. ಅವರೇ ಕಂಪನಿ ಕಟ್ಟಿ 2004ರಿಂದ ಮಾರತೊಡಗಿದರು. ಅವರೂ ಪೇಟೆಂಟಿನ ಬೇಲಿ ಕಟ್ಟಿಕೊಂಡರೆಂಬುದು ಬೇರೆ ಮಾತು. ಆ ದೇಶದಲ್ಲಿಯೇ 2015ರಲ್ಲಿ ಇಂಥ ಗರಗಸದ ಬ್ಲೇಡು ತಾಕಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದವರು 30,000ಕ್ಕೂ ಮೇಲೆ ಎಂದು ಸರ್ಕಾರಿ ಅಂದಾಜು. ಅಮೆರಿಕದ ಕೂಲಿಗಾರನಿಗೂ ನಮ್ಮವನ ಗ್ರಹಚಾರವೇ ಬಂತೆ?

ನಮ್ಮ ಸರ್ಕಾರ ಮಾಡಿದ್ದೇನು? ವಿದ್ಯುತ್ತು ಬಳಸಿ 10 ಜನ ದುಡಿಯುವ ಜಾಗವನ್ನು 1948ರ ಕಾಯಿದೆ ಕಾರ್ಖಾನೆ ಎಂದಿತ್ತು. 2020ರ ಸುರಕ್ಷತಾ ಸಂಹಿತೆ ಅದನ್ನು 20ಕ್ಕೆ ಏರಿಸಿತು. ಹನ್ನೆರಡು ಜನರಿರುವ ಮಿಲ್ಲಿನ ಗರಗಸ ಹಲ್ಲು ಕಳೆದುಕೊಂಡಿತೇ?

ಸಣ್ಣ ವರ್ತಕ ಮಿತ್ರರು ಈ ಲೇಖನ ತಮ್ಮ ವಿರುದ್ಧ ಎಂದು ತಿಳಿಯಬಾರದು. ಇಬ್ಬರು ಹುಡುಗರನ್ನಿಟ್ಟುಕೊಂಡು ತಾವೇ ಹಲಗೆ ತಳ್ಳುವ ಅಂಗಡಿಯವರ ಕೈಯೂ ಅದೇ ಬ್ಲೇಡಿನ ಮುಂದಿದೆ, ಅವರಿಗೆ ಪರಿಹಾರ ಕೊಡುವವರೂ ಇಲ್ಲ. ಹಿಂದಿನ ತಗಡೂ ಮುಚ್ಚಳವೂ ಇಲ್ಲದ ಮಿಷನ್ನನ್ನು ಅಗ್ಗವೆಂದು ಕೊಳ್ಳಬೇಡಿ. ಇದ್ದದ್ದಕ್ಕೆ ಊರಿನ ಕಮ್ಮಾರಸಾಲೆಯಲ್ಲೇ ಮಾಡಿಸಿ ಹಾಕಬಹುದು.

ಮಿಲ್ಲಿನವರು ಗಾರ್ಡು ಇಲ್ಲವೆಂದು ಈಗಲೇ, ಎಲ್ಲರ ಕೈ ನೆಟ್ಟಗಿರುವಾಗಲೇ, ಬರೆದು ಸಹಿ ಹಾಕಿ ಮಾಲೀಕರಿಗೊಂದು, ಕಾರ್ಖಾನೆ ಇಲಾಖೆಗೊಂದು ಪ್ರತಿ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ರಸೀತಿ ಜೋಪಾನವಾಗಿಡಿ. ಅಪಘಾತವಾದರೆ ಅಂದೇ ಮಿಷನ್ನಿನ ಫೋಟೋ ತೆಗೆದು, ಪಕ್ಕದಲ್ಲಿದ್ದ ಇಬ್ಬರ ಹೆಸರು ಗುರುತು ಹಾಕಿಕೊಳ್ಳಿ. ಅರ್ಜಿ ಬರೆಯಲು ಬಾರದವರು ಪಕ್ಷದ ಕಛೇರಿಗೆ ಬರಲಿ; ಕಾಗದವೂ ಅಂಚೆಯ ಖರ್ಚೂ ನಮ್ಮದು.