ಉಸುಕು ಬಿಟ್ಟು ನೆಲಕ್ಕೆ ಬೈಯುವವರಿಗೆ

‘ಭೀಮಾ ತೀರದ ನೆಲದ ಗುಣವೇ ಹಂಗ’ ಎನ್ನುವ ಮಾತು ಕೇಳಿ ಕೇಳಿ ಕಿವಿ ಕಾದಿವೆ. ನಮ್ಮ ಹೊಳೆಯ ಹೆಸರಿಗೆ ‘ಹಂತಕರು’ ಎಂಬ ಪದ ಅಂಟಿಸಿ ಪತ್ರಿಕೆ ಮಾರಿದರು, ಸಿನಿಮಾ ಓಡಿಸಿದರು. ಅಫಜಲಪುರದ ಹುಡುಗ ಬೆಂಗಳೂರಿನಲ್ಲಿ ಬಾಡಿಗೆ ಕೋಣೆ ಹುಡುಕುತ್ತ ಊರ ಹೆಸರು ಹೇಳಲು ಇಂದಿಗೂ ಹಿಂಜರಿಯುತ್ತಾನೆ.

2023ರ ಜೂನ್‌ನಲ್ಲಿ ಕಲಬುರಗಿ ಜಿಲ್ಲೆಯ ಜೇವರ್ಗಿ ತಾಲ್ಲೂಕಿನಲ್ಲಿ ಅಕ್ರಮ ಉಸುಕು ಸಾಗಾಟ ತಡೆಯಲು ಹೋದ ನೆಲೋಗಿ ಠಾಣೆಯ ಹೆಡ್ ಕಾನ್‌ಸ್ಟೆಬಲ್ ಮೇಲೆ ಟ್ರ್ಯಾಕ್ಟರ್ ಹರಿಯಿತು. ಕೆಲಸ ಮಾಡಲು ಹೋದ ಮನುಷ್ಯ ಹೆಣವಾಗಿ ಬಂದ. ಆಗಲೂ ಅದೇ ರಾಗ: ‘ಆ ಕಡೆ ಇದು ಇದ್ದದ್ದೇ.’ ಏನು ಇದ್ದದ್ದೇ? ಆ ಟ್ರ್ಯಾಕ್ಟರಿನಲ್ಲಿ ತುಂಬಿದ್ದು ದ್ವೇಷವಲ್ಲ, ಉಸುಕು.

ಹೊಳೆಯ ಉಸುಕಿಗೆ ಸುರಂಗ ಕೊರೆಯಬೇಕಿಲ್ಲ. ಸಲಿಕೆ, ಟ್ರ್ಯಾಕ್ಟರ್, ಒಂದು ಕತ್ತಲ ರಾತ್ರಿ ಸಾಕು. ದಂಡೆ ಯಾರ ಕೈಯಲ್ಲೋ ರೊಕ್ಕ ಅವರದು. ದಂಡೆ ಹಿಡಿಯಲು ಮಂದಿ ಬೇಕು, ಮಂದಿ ಕೈಗೆ ಬಡಿಗೆ ಬೇಕು, ಎದುರಿನವನೂ ಬಡಿಗೆ ತಂದರೆ ಪಿಸ್ತೂಲು ಬೇಕು. ಸಿಯೆರಾ ಲಿಯೋನ್‌ನಲ್ಲಿ 1991ರಿಂದ 2002ರವರೆಗೆ ನಡೆದ ಯುದ್ಧಕ್ಕೆ ರೊಕ್ಕ ಸುರಿದ ವಜ್ರವೂ ಹೀಗೇ ಹೊಳೆಯ ಮರಳಲ್ಲಿ, ಜರಡಿ ಹಿಡಿದವನ ಕೈಗೆ ಸಿಗುತ್ತಿತ್ತು. ಬೋಟ್ಸ್ವಾನಾದ ವಜ್ರ ಆಳದ ಗಣಿಯಲ್ಲಿತ್ತು, ಗಣಿಯಲ್ಲಿ ಸರ್ಕಾರಕ್ಕೆ ಪಾಲಿತ್ತು. ಅಲ್ಲಿ ಅಂಥ ಯುದ್ಧ ಹುಟ್ಟಲಿಲ್ಲ. ವಜ್ರ ಎರಡೂ ಕಡೆ ಇತ್ತು. ರಕ್ತದ ಗುಣ ಹುಡುಕುವವರು ಇದಕ್ಕೆ ಉತ್ತರ ಕೊಡಲಿ.

ಬಳ್ಳಾರಿಯ ಅದಿರು ಲೂಟಿಯಾದಾಗ ಯಾರಾದರೂ ಬಳ್ಳಾರಿಯ ನೆಲಕ್ಕೆ ಬೈದರೇ? 2011ರ ಲೋಕಾಯುಕ್ತ ವರದಿ 16,085 ಕೋಟಿ ರೂಪಾಯಿ ನಷ್ಟದ ಲೆಕ್ಕ ಕೊಟ್ಟಿತು. ಆದರೂ ಅಲ್ಲಿನವರಿಗೆ ಸಿಕ್ಕ ಹೆಸರು ‘ಗಣಿಧಣಿ’. ಹೆಸರಿನಲ್ಲೇ ಧಣಿತನ! ನಮ್ಮ ಕಡೆ ಕೂಲಿಗೆ ಸಲಿಕೆ ಹಿಡಿದ ಹುಡುಗನೂ ಹಂತಕರ ಪೈಕಿ. ತೊಗರಿಗೆ ದರ ಕೇಳಿದಾಗ ಕಾಣದ ಕಲಬುರಗಿ, ಹೆಣ ಬಿದ್ದಾಗ ಮಾತ್ರ ರಾಜಧಾನಿಗೆ ಕಾಣುತ್ತದೆ.

ಬೇಸಿಗೆಯಲ್ಲಿ ಹೊಳೆ ದಂಡೆಗೆ ಬನ್ನಿ. ಆಳಂದದ ಕಡೆಯಿಂದ ಬರುವ ಅಮರ್ಜಾ ಭೀಮೆಗೆ ಕೂಡುವ ಗಾಣಗಾಪುರ ಸಂಗಮದಲ್ಲಿ ಕೈ ಮುಗಿದು, ದಂಡೆ ಹಿಡಿದು ಕೆಳಗೆ ನಡೆಯಿರಿ. ಉಸುಕು ತೆಗೆದ ಕಡೆ ಆಳೆತ್ತರದ ಗುಂಡಿ, ತಳದಲ್ಲಿ ಹಸಿರುಗಟ್ಟಿದ ನೀರು. ಮೋಟರಿನ ಪೈಪು ಗುಂಡಿಯಿಂದ ಗುಂಡಿಗೆ ಎಳೆದು ಎಳೆದು ರೈತನ ಹೆಗಲು ಕೆಂಪಾಗಿರುತ್ತದೆ. ನೀರು ಹಿಡಿದಿಡುತ್ತಿದ್ದ ಉಸುಕೇ ಹೋದ ಮೇಲೆ ದಂಡೆಯ ಬಾವಿಗೆ ಒರತೆ ಎಲ್ಲಿಂದ ಬರಬೇಕು? ಈ ರೈತನೂ ‘ಭೀಮಾ ತೀರದವನು’. ಅವನ ಕಥೆಗೆ ಸಿನಿಮಾ ಬರಲಿಲ್ಲ.

ಪ್ರತಿ ಸಾವಿನ ಬಳಿಕ ಡ್ರೈವರ್ ಸಿಗುತ್ತಾನೆ, ಅಷ್ಟಕ್ಕೆ ಸುದ್ದಿ ಮುಗಿಯುತ್ತದೆ. ಮುಂದಿನ ಸಲ ನಮ್ಮ ಬಗ್ಗೆ ಬರೆಯುವವರು ಟ್ರ್ಯಾಕ್ಟರ್ ಮಾಲೀಕ ಯಾರೆಂದು ಬರೆಯಲಿ. ಉಸುಕು ಇಳಿದದ್ದು ಯಾರ ಸೈಟಿನಲ್ಲಿ ಎಂದೂ ಬರೆಯಲಿ.