ಹತ್ತು ಜನ ಸೇರದೆ ಪ್ರಾರ್ಥನೆ ಹೇಗೆ? ಸಾಂಕ್ರಾಮಿಕದ ಕಾಲದಲ್ಲಿ ಯಹೂದಿ ಸಮುದಾಯ

ಯಹೂದಿ ಧರ್ಮದಲ್ಲಿ ಕೆಲವು ಪ್ರಾರ್ಥನೆಗಳನ್ನು ಒಬ್ಬರೇ ಹೇಳುವಂತಿಲ್ಲ. ಕನಿಷ್ಠ ಹತ್ತು ಮಂದಿ ವಯಸ್ಕರು ಒಂದೆಡೆ ಸೇರಬೇಕು. ಸಂಪ್ರದಾಯಸ್ಥರಲ್ಲಾದರೆ ಹತ್ತು ಗಂಡಸರು. ಈ ಕೂಟಕ್ಕೆ ‘ಮಿನ್ಯಾನ್’ ಎಂದು ಹೆಸರು. ತಂದೆ ತಾಯಿ ತೀರಿಕೊಂಡ ಮೇಲೆ ಮಕ್ಕಳು ಹನ್ನೊಂದು ತಿಂಗಳು ಹೇಳುವ ‘ಕಡ್ಡಿಷ್’ ಪ್ರಾರ್ಥನೆಗೂ ಈ ಹತ್ತು ಮಂದಿ ಬೇಕು. 2020ರ ಮಾರ್ಚ್‌ನಲ್ಲಿ ಕೋವಿಡ್ ಬಂದಾಗ ವೈದ್ಯರು ಹೇಳಿದ್ದು ಇದಕ್ಕೆ ನೇರ ವಿರುದ್ಧ: ಜನ ಸೇರಬೇಡಿ.

ಇದು ಮುಗಿದ ಕಥೆಯಲ್ಲ. 2025ರಲ್ಲಿ ಇಸ್ರೇಲಿನಲ್ಲಿ ದಡಾರ ಹಬ್ಬಿ ಪುಟ್ಟ ಮಕ್ಕಳು ಪ್ರಾಣ ಕಳೆದುಕೊಂಡರು. ಜೆರುಸಲೇಮ್ ಮತ್ತು ಬೇಟ್ ಶೆಮೆಶ್‌ನ ಕಟ್ಟಾ ಸಂಪ್ರದಾಯಸ್ಥ ಬಡಾವಣೆಗಳಿಗೆ ಅದರ ಹೊಡೆತ ಹೆಚ್ಚು ಬಿತ್ತು. ಹಾಗಾದರೆ ಅಡ್ಡಿಯಾಗಿರುವುದು ಧರ್ಮವೇ? ಸ್ವಲ್ಪ ಹತ್ತಿರದಿಂದ ನೋಡೋಣ.

ಸೋಂಕು ಬೇಗ ಹರಡಿದ್ದೇಕೆ?

ಮೊದಲ ಕಾರಣ ಪಂಚಾಂಗ. ಕುಣಿತ, ಔತಣಗಳ ಪುರಿಮ್ ಹಬ್ಬ 2020ರ ಮಾರ್ಚ್ 9ರ ಸಂಜೆ ಶುರುವಾಯಿತು. ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ಅನ್ನು ಜಾಗತಿಕ ಸಾಂಕ್ರಾಮಿಕ ಎಂದು ಕರೆದದ್ದು ಮಾರ್ಚ್ 11ರಂದು.

ಎರಡನೆಯದು ಜಾಗ. ಟೆಲ್ ಅವೀವ್ ಪಕ್ಕದ ಬ್ನೇ ಬ್ರಾಕ್‌ನಲ್ಲಿ ಸುಮಾರು 7 ಚದರ ಕಿಲೋಮೀಟರಿನಲ್ಲಿ ಸುಮಾರು 2 ಲಕ್ಷ ಜನ. ಸಣ್ಣ ಮನೆಗಳಲ್ಲಿ ಆರೇಳು ಮಕ್ಕಳ ಕುಟುಂಬಗಳು. ಮುಂಬೈ ಚಾಳಿನಲ್ಲಿ ಬಾಳಿದವರಿಗೆ ‘ಪ್ರತ್ಯೇಕ ಕೋಣೆಯಲ್ಲಿರಿ’ ಎಂಬ ಸಲಹೆ ಅಲ್ಲಿ ಹೇಗೆ ಕೇಳಿಸಿರಬಹುದೆಂದು ಹೇಳಬೇಕಿಲ್ಲ. ಏಪ್ರಿಲ್ ಆರಂಭದಲ್ಲಿ ಸರ್ಕಾರ ಆ ಊರನ್ನೇ ಸುತ್ತುಗಟ್ಟಿತು.

ಮೂರನೆಯದು ಸುದ್ದಿ. ಆ ಮನೆಗಳಲ್ಲಿ ಟಿವಿ ಇರುವುದಿಲ್ಲ, ಸ್ಮಾರ್ಟ್‌ಫೋನ್ ಇರುವುದು ಕಡಿಮೆ. ಟಿವಿಯಲ್ಲಿ ಪ್ರಧಾನಿ ಕೊಟ್ಟ ಎಚ್ಚರಿಕೆ ಅಲ್ಲಿಗೆ ತಡವಾಗಿ ಮುಟ್ಟಿತು.

ಧರ್ಮ ಏನು ಹೇಳುತ್ತದೆ?

ಯಹೂದಿ ಕಟ್ಟಳೆಯಲ್ಲಿ ‘ಪಿಕುವಾಖ್ ನೆಫೆಶ್’ ಎಂಬ ತತ್ವವಿದೆ. ಜೀವ ಉಳಿಸುವ ಸಂದರ್ಭ ಬಂದರೆ ಬಹುತೇಕ ಎಲ್ಲ ವಿಧಿನಿಷೇಧಗಳೂ ಪಕ್ಕಕ್ಕೆ ಸರಿಯುತ್ತವೆ; ಕೊಲೆ, ಮೂರ್ತಿಪೂಜೆ, ನಿಷಿದ್ಧ ಲೈಂಗಿಕ ಸಂಬಂಧ ಈ ಮೂರು ಮಾತ್ರ ಹೊರತು. ಸಬ್ಬತ್ ದಿನ ವಾಹನ ಮುಟ್ಟದವರು ರೋಗಿಗಾಗಿ ಆಂಬ್ಯುಲೆನ್ಸ್ ಓಡಿಸಲೇಬೇಕು. ಇದು ವಿನಾಯಿತಿಯಲ್ಲ, ಕರ್ತವ್ಯ.

ಆದ್ದರಿಂದ ಪ್ರಶ್ನೆ ‘ವಿಜ್ಞಾನವೋ ಧರ್ಮವೋ’ ಎಂಬುದಾಗಿರಲಿಲ್ಲ. ಜೀವಕ್ಕೆ ಅಪಾಯವಿದೆ ಎಂದು ಯಾರು ಹೇಳಬೇಕು, ಯಾವಾಗ ಹೇಳಬೇಕು ಎಂಬುದಾಗಿತ್ತು. ಬ್ನೇ ಬ್ರಾಕ್‌ನ ಹಿರಿಯ ರಬ್ಬಿ ಚೈಮ್ ಕನಿಯೆವ್‌ಸ್ಕಿ ಮಾರ್ಚ್ ಮಧ್ಯದಲ್ಲಿ ಧರ್ಮಪಾಠ ನಿಲ್ಲಬಾರದು ಎಂದಿದ್ದರು. ತಿಂಗಳ ಕೊನೆಗೆ ಒಬ್ಬೊಬ್ಬರಾಗಿಯೇ ಪ್ರಾರ್ಥಿಸಿ ಎಂದು ಅವರೇ ಆದೇಶಿಸಿದರು. ಸಾಂಕ್ರಾಮಿಕದಲ್ಲಿ ಎರಡು ವಾರ ಸಣ್ಣ ಅವಧಿಯಲ್ಲ.

ಬದಲಾದ ಆಚರಣೆಗಳು

ಏಪ್ರಿಲ್ 8ರ ರಾತ್ರಿ ಪೆಸಾಕ್ ಹಬ್ಬದ ‘ಸೆದೆರ್’ ಊಟ. ಮೂರು ತಲೆಮಾರು ಒಟ್ಟಿಗೆ ಕೂರುವ ರಾತ್ರಿಯದು. ಆ ವರ್ಷ ಇಸ್ರೇಲಿನಲ್ಲಿ ಕರ್ಫ್ಯೂ. ಹಬ್ಬಕ್ಕೆ ಮೊದಲೇ ಕಂಪ್ಯೂಟರ್ ಚಾಲೂ ಮಾಡಿಟ್ಟು ಅಜ್ಜ ಅಜ್ಜಿಯರನ್ನು ಜೂಮ್‌ನಲ್ಲಿ ಸೇರಿಸಿಕೊಳ್ಳಬಹುದೆಂದು 14 ರಬ್ಬಿಗಳು ಹೇಳಿದರು. ಮುಖ್ಯ ರಬ್ಬಿಗಳು ಒಪ್ಪಲಿಲ್ಲ. ಹಬ್ಬದ ದಿನ ವಿದ್ಯುತ್ ಉಪಕರಣ ಬಳಸುವುದು ನಿಷಿದ್ಧವೆಂಬುದು ಒಂದು ಕಡೆ, ಒಂಟಿತನವೂ ಜೀವಕ್ಕೆ ಅಪಾಯವಾಗಬಹುದೆಂಬುದು ಇನ್ನೊಂದು ಕಡೆ. ಕೆಲವು ಬೀದಿಗಳಲ್ಲಿ ಜನ ಬಾಲ್ಕನಿಗಳಲ್ಲಿ ನಿಂತೇ ಹತ್ತರ ಲೆಕ್ಕ ತುಂಬಿಸಿಕೊಂಡರು.

ಹೆಚ್ಚು ಕಷ್ಟವಾದದ್ದು ಸಾವಿನ ಮನೆಗೆ. ಶವಕ್ಕೆ ಮಾಡಿಸುವ ‘ತಹರಾ’ ಸ್ನಾನ ಹಲವೆಡೆ ನಿಂತುಹೋಯಿತು, ಕೆಲವೆಡೆ ರಕ್ಷಣಾ ಉಡುಪು ತೊಟ್ಟವರು ನೆರವೇರಿಸಿದರು. ಏಳು ದಿನದ ‘ಶಿವಾ’ದಲ್ಲಿ ಬಾಗಿಲು ತೆರೆದಿಟ್ಟು ನೆಂಟರಿಷ್ಟರನ್ನು ಕಾಯುತ್ತಿದ್ದವರಿಗೆ ಫೋನಿನಲ್ಲಷ್ಟೇ ಸಾಂತ್ವನ. ಆಪ್ತರ ಮುಖ ನೋಡದೆಯೇ ಬೂದಿ ಪಡೆದ ನಮ್ಮವರಿಗೆ ಈ ಸಂಕಟ ಗೊತ್ತು.

ಬೆರಳು ತೋರಿಸಿದಾಗ

1349ರಲ್ಲಿ ಪ್ಲೇಗ್ ಯುರೋಪನ್ನು ಆವರಿಸಿದಾಗ ಬಾವಿಗೆ ವಿಷ ಹಾಕಿದರೆಂಬ ಸುಳ್ಳು ಆರೋಪ ಹೊರಿಸಿ ಸ್ಟ್ರಾಸ್‌ಬರ್ಗ್‌ನಲ್ಲಿ ಯಹೂದಿಗಳನ್ನು ಸುಟ್ಟರು. ಈ ನೆನಪು ಇರುವವರಿಗೆ ಸರ್ಕಾರದ ಮಾತಿನ ಧಾಟಿ ಮುಖ್ಯ. 2020ರ ಏಪ್ರಿಲ್‌ನಲ್ಲಿ ಬ್ರೂಕ್ಲಿನ್‌ನಲ್ಲಿ ರಬ್ಬಿಯೊಬ್ಬರ ಅಂತ್ಯಕ್ರಿಯೆಗೆ ಜನ ಸೇರಿದಾಗ ನ್ಯೂಯಾರ್ಕ್ ಮೇಯರ್ ಬಿಲ್ ಡಿ ಬ್ಲಾಸಿಯೊ ಇಡೀ ಯಹೂದಿ ಸಮುದಾಯಕ್ಕೇ ಎಚ್ಚರಿಕೆ ಕೊಟ್ಟು ಟೀಕೆಗೊಳಗಾದರು. ಪೂಜಾಸ್ಥಳಗಳಲ್ಲಿ 10 ಅಥವಾ 25 ಜನರಷ್ಟೇ ಇರಬೇಕೆಂಬ ರಾಜ್ಯದ ಮಿತಿಗೆ ನವೆಂಬರ್ 25ರಂದು ಅಮೆರಿಕದ ಸುಪ್ರೀಂ ಕೋರ್ಟ್ 5–4ರ ಬಹುಮತದಿಂದ ತಡೆ ನೀಡಿತು. ನಮ್ಮಲ್ಲೂ ಆ ವರ್ಷ ದೆಹಲಿಯ ಒಂದು ಧಾರ್ಮಿಕ ಸಭೆಯ ನಂತರ ಇಡೀ ಸಮುದಾಯವನ್ನೇ ರೋಗದ ಹೆಸರಿನಿಂದ ಕರೆದರು. ಬೈಗುಳ ತಿಂದವರು ಪರೀಕ್ಷೆಗೆ ಮುಂದೆ ಬರುವುದಿಲ್ಲ, ಅವಿತುಕೊಳ್ಳುತ್ತಾರೆ.

ಏನು ಫಲ ಕೊಟ್ಟಿತು?

2020ರ ಕೊನೆಯಲ್ಲಿ ಲಸಿಕೆ ಬಂದಾಗ ರಬ್ಬಿಗಳೇ ಹಾಕಿಸಿಕೊಳ್ಳಿ ಎಂದರು. ಬ್ನೇ ಬ್ರಾಕ್‌ನಲ್ಲಿ ಲಸಿಕೆಗೆ ಬಂದವರಿಗೆ ಸಬ್ಬತ್ತಿನ ಅಚ್ಚುಮೆಚ್ಚಿನ ಅಡುಗೆ ‘ಚೋಲೆಂಟ್’ ಬಡಿಸಲಾಯಿತು. ನಂಬಿದವರ ಬಾಯಿಂದ, ಬಲ್ಲ ಭಾಷೆಯಲ್ಲಿ ಮಾತು ಬಂದರೆ ಜನ ಕೇಳುತ್ತಾರೆ. ದಡಾರದ ಲಸಿಕೆಗೂ ಧರ್ಮದ ನಿಷೇಧವಿಲ್ಲ. ಹತ್ತಿರದಲ್ಲಿ ಕ್ಲಿನಿಕ್, ದೊಡ್ಡ ಕುಟುಂಬದ ತಾಯಿಗೆ ಒಗ್ಗುವ ಸಮಯ, ಗಾಳಿಸುದ್ದಿಗೆ ತಾಳ್ಮೆಯ ಉತ್ತರ ಇವು ಬೇಕು.

ಮುಂಬೈ ಓದುಗರು ಪರೇಲ್‌ನ ಹಾಫ್‌ಕಿನ್ ಸಂಸ್ಥೆಯ ಮುಂದೆ ಓಡಾಡಿರುತ್ತೀರಿ. ಒಡೆಸ್ಸಾದಲ್ಲಿ ಹುಟ್ಟಿದ ಯಹೂದಿ ವಿಜ್ಞಾನಿ ವಾಲ್ಡೆಮಾರ್ ಹಾಫ್‌ಕಿನ್ ಬಾಂಬೆಯ ಪ್ಲೇಗ್ ಕಾಲದಲ್ಲಿ ತಾವು ತಯಾರಿಸಿದ ಲಸಿಕೆಯನ್ನು 1897ರ ಜನವರಿ 10ರಂದು ಮೊದಲು ತಮಗೇ ಚುಚ್ಚಿಸಿಕೊಂಡರು. ಜನರ ಮುಂದೆ ಹೋಗಿ ‘ಹಾಕಿಸಿಕೊಳ್ಳಿ’ ಎನ್ನುವ ಹಕ್ಕು ಅವರಿಗೆ ಬಂದದ್ದು ಹಾಗೆ.